ಪ್ರಿಪೇರ್ಡ್ ಪಿಯಾನೊ: ಒಂದು ಕೀ ಒತ್ತಿದರೆ ಎರಡು ಸ್ವರ, ಹಾಡಿನ ಗುರುತೇ ಸಿಗುತ್ತಿಲ್ಲ

ಮಂದ್ರಸ್ಥಾಯಿ:
ಎಲ್ಲರಿಗೂ ನಮಸ್ಕಾರ. ಪಿಯಾನೊದ ತಂತಿಗಳಿಗೆ ಸ್ಕ್ರೂ, ರಬ್ಬರಿನಂಥ ವಸ್ತು ಸಿಕ್ಕಿಸಿ ಸದ್ದು ಬದಲಿಸಿದರೆ ಅದೇ ಪ್ರಿಪೇರ್ಡ್ ಪಿಯಾನೊ. ಅಮೆರಿಕದ ಪಿಯಾನೊ ವಾದಕರಾದ ಫೆರಾಂಟೆ ಮತ್ತು ಟೈಚರ್ ಜೋಡಿ 1950ರ ದಶಕದಲ್ಲಿ ತಂತಿಗಳ ಮೇಲೆ ಕಾಗದ, ರಬ್ಬರ್, ಮರದ ತುಂಡು, ಸರಪಣಿ ಹಾಕಿ ನುಡಿಸಿದ ಜನಪ್ರಿಯ ಹಾಡುಗಳನ್ನು ಕೇಳಿದಾಗಿನಿಂದ ನನಗೂ ಅದೇ ಹುಚ್ಚು. ನನ್ನದು ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೊ. ಹಳೆಯ ಬ್ರಾಡ್‌ವೇ (ನ್ಯೂಯಾರ್ಕಿನ ಸಂಗೀತ ನಾಟಕಗಳ) ಹಾಡೊಂದನ್ನು ಧ್ವನಿಮುದ್ರಿಸುತ್ತಿದ್ದೇನೆ. ಸ್ಕ್ರೂ ಹಾಕಿದ ಕೀ ಒತ್ತಿದರೆ ಹೊಸ ಸದ್ದಿನ ಜೊತೆ ಹಳೆಯ ಸ್ವರವೂ ಕೇಳುತ್ತದೆ. ಎಡ ಪೆಡಲ್ ಒತ್ತಿದರೆ ಹೋಗುತ್ತದೆ ಎಂದು ಓದಿದ್ದೆ, ಹೋಗುತ್ತಿಲ್ಲ. ಸ್ಕ್ರೂಗಳು ನಡುನಡುವೆ ಉದುರುತ್ತವೆ. ಎಲ್ಲಕ್ಕಿಂತ ದೊಡ್ಡ ಕೊರಗು, ಇದು ಯಾವ ಹಾಡು ಎಂದು ಮನೆಯವರಿಗೇ ತಿಳಿಯುತ್ತಿಲ್ಲ.

ಬಿಗಿತಂತಿ:
ಎಡ ಪೆಡಲ್ ವಿಷಯ ಮೊದಲು. ಮಧ್ಯ ಮತ್ತು ಮೇಲಿನ ಸ್ಥಾಯಿಯಲ್ಲಿ ಒಂದೊಂದು ಸ್ವರಕ್ಕೂ ಮೂರು ತಂತಿಗಳಿರುತ್ತವೆ. ಎರಡರ ನಡುವೆ ಸ್ಕ್ರೂ ಹಾಕಿದರೆ ಮೂರನೆಯದು ತನ್ನ ಪಾಡಿಗೆ ತಾನು ಮೊಳಗುತ್ತದೆ. ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಎಡ ಪೆಡಲ್ ಒತ್ತಿದರೆ ತಂತಿಗೆ ಬಡಿಯುವ ಹ್ಯಾಮರ್‌ಗಳೆಲ್ಲ ಪಕ್ಕಕ್ಕೆ ಸರಿದು ಒಂದು ತಂತಿಯನ್ನು ಬಿಟ್ಟುಬಿಡುತ್ತವೆ. ಅಪ್‌ರೈಟ್‌ನಲ್ಲಿ ಹ್ಯಾಮರ್‌ಗಳು ತಂತಿಗೆ ಹತ್ತಿರವಾಗುತ್ತವೆ ಅಷ್ಟೇ, ಪಕ್ಕಕ್ಕೆ ಸರಿಯುವುದಿಲ್ಲ. ನೀವು ಓದಿದ್ದು ಗ್ರ್ಯಾಂಡ್‌ಗೆ ಬರೆದ ಸಲಹೆ. ಟ್ಯೂನರ್‌ಗಳು ಬಳಸುವ ರಬ್ಬರ್ ಬೆಣೆಯನ್ನು ಮೂರನೆಯ ತಂತಿಗೆ ಒತ್ತಿಡಿ, ಹಳೆಯ ಸ್ವರ ಅಡಗುತ್ತದೆ. ಸ್ಕ್ರೂ ಎಲ್ಲಿ ಹಾಕಿದ್ದೀರಿ? ಯಾವ ಯಾವ ಕೀಗಳಿಗೆ?

ಮಂದ್ರಸ್ಥಾಯಿ:
ಮೇಲಿನ ಮುಚ್ಚಳ ತೆಗೆದು, ಹ್ಯಾಮರ್ ಬಡಿಯುವ ಜಾಗದ ಸ್ವಲ್ಪ ಮೇಲೆ. ನಡುವಿನ ಎರಡು ಸ್ಥಾಯಿಯ ಬಿಳಿ ಕೀಗಳಿಗೆಲ್ಲ ಹಾಕಿದ್ದೇನೆ.

ಬಿಗಿತಂತಿ:
ಉದುರುವುದಕ್ಕೆ ಕಾರಣ ಅಲ್ಲೇ ಇದೆ. ಅಲ್ಲಿ ಪ್ರತಿ ಏಟೂ ಸ್ಕ್ರೂವನ್ನು ನೇರವಾಗಿ ಅಲುಗಿಸುತ್ತದೆ. ಕೀಬೋರ್ಡಿನ ಕೆಳಗಿನ ಹಲಗೆ ತೆಗೆಯಿರಿ. ತಂತಿಯ ಉದ್ದನೆಯ ಭಾಗ ಅಲ್ಲಿ ಸಿಗುತ್ತದೆ. ತಂತಿಗಳ ನಡುವಿನ ಸಂದಿಗಿಂತ ಕೂದಲೆಳೆಯಷ್ಟು ದಪ್ಪನೆಯ ಸ್ಕ್ರೂ ಆರಿಸಿ. ಮರದ ಕಡ್ಡಿಯಿಂದ ಸಂದಿಯನ್ನು ಮೆಲ್ಲಗೆ ಅಗಲಿಸಿ, ಸ್ಕ್ರೂವಿನ ಸುರುಳಿ ಅಂಚು ತಂತಿಯನ್ನು ಕಚ್ಚುವವರೆಗೆ ತಿರುಗಿಸಿ. ತುದಿ ಹಿಂದಿನ ಸೌಂಡ್‌ಬೋರ್ಡಿಗೆ (ನಾದ ಹೆಚ್ಚಿಸುವ ಹಲಗೆಗೆ) ತಾಗಬಾರದು. ತಂಬೂರಿಯಲ್ಲಿ ಜೀವಾಳದ ನೂಲನ್ನು ಸರಿಸುವ ಹಾಗೆಯೇ ಇದು. ತುಸು ಸರಿದರೂ ನಾದ ಬೇರೆ. ತಾಮ್ರ ಸುತ್ತಿದ ಮಂದ್ರದ ತಂತಿಗಳ ತಂಟೆಗೆ ಮಾತ್ರ ಲೋಹ ಒಯ್ಯಬೇಡಿ. ಅಲ್ಲಿ ಎರೇಸರ್ ತುಂಡು, ಬಟ್ಟೆ ಸಾಕು.

ತಾಳಮೇಳ:
ನಡುವೆ ಬಾಯಿ ಹಾಕುತ್ತೇನೆ. ಹಾಡು ಗುರುತು ಸಿಗದಿರುವುದು ಸ್ಕ್ರೂವಿನ ತಪ್ಪಲ್ಲ, ಲೆಕ್ಕದ ತಪ್ಪು. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1946–48ರಲ್ಲಿ ಪ್ರಿಪೇರ್ಡ್ ಪಿಯಾನೊಗಾಗಿ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಬರೆದಾಗ 45 ಸ್ವರಗಳಿಗೆ ಏನೇನು ಸಿಕ್ಕಿಸಬೇಕು, ತಂತಿಯ ಸದ್ದು ನಿಲ್ಲಿಸುವ ಡ್ಯಾಂಪರ್‌ನಿಂದ ಎಷ್ಟು ದೂರದಲ್ಲಿ ಎಂದು ಪಟ್ಟಿ ಕೊಟ್ಟರು. ಅವರು ಸಿಕ್ಕ ಸದ್ದಿಗೆ ತಕ್ಕಂತೆ ಸಂಗೀತ ಬರೆದವರು. ನಿಮ್ಮ ಹಾಡಿನ ಧಾಟಿ ಕೇಳುಗರ ಕಿವಿಯಲ್ಲಿ ಮೊದಲೇ ಕೂತಿದೆ. ಅದರ ಸ್ವರಗಳನ್ನೇ ಕೆಡಿಸಿದರೆ ಗುರುತು ಹಿಡಿಯುವುದಾದರೂ ಹೇಗೆ? ಧಾಟಿಯ ಸ್ವರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆ ಕೀಗಳಿಗೆ ಏನೂ ಸಿಕ್ಕಿಸದೆ ಬಿಡಿ. ಪಕ್ಕವಾದ್ಯದ ಕೀಗಳಿಗೆ ಎಷ್ಟು ಬೇಕಾದರೂ ಸಿಕ್ಕಿಸಿ. ಫೆರಾಂಟೆ ಮತ್ತು ಟೈಚರ್‌ಗೆ ಎರಡು ಪಿಯಾನೊಗಳ ಅನುಕೂಲವಿತ್ತು. ಒಂದೇ ಪಿಯಾನೊ ಇರುವವರು ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಕೂಡಿಸಬೇಕು.

ಬಿಗಿತಂತಿ:
ಪೂರ್ತಿ ಒಪ್ಪಲಾರೆ. ಧಾಟಿಯನ್ನು ಮುಟ್ಟಲೇಬಾರದು ಎಂದರೆ ಮಜವೇ ಹೋಯಿತು. ಈ ಹಾಡುಗಳಲ್ಲಿ ಹೆಚ್ಚಿನವು 32 ಬಾರ್‌ಗಳವು (ಬಾರ್ ಎಂದರೆ ತಾಳದ ಒಂದು ಸುತ್ತು): ಒಂದೇ ಧಾಟಿ ಎರಡು ಸಲ, ನಡುವೆ ಬೇರೊಂದು, ಮತ್ತೆ ಮೊದಲಿನದು. ಮೊದಲ ಎರಡು ಭಾಗ ಏನೂ ಹಾಕದ ಮೇಲಿನ ಸ್ಥಾಯಿಯಲ್ಲಿ ನುಡಿಸಿ, ಮೂರನೆಯ ಭಾಗಕ್ಕೆ ಸ್ಕ್ರೂ ಇರುವ ಕೆಳ ಸ್ಥಾಯಿಗೆ ಇಳಿಯಿರಿ. ಅಷ್ಟರಲ್ಲಿ ಕಿವಿಗೆ ಹಾಡು ಸಿಕ್ಕಿರುತ್ತದೆ. ಎರಡು ಸಲ ಮುದ್ರಿಸುವುದಾದರೆ ಏನೂ ಸಿಕ್ಕಿಸದ ಧಾಟಿಯನ್ನು ಮೊದಲು ಮುಗಿಸಿಕೊಳ್ಳಿ. ಸ್ಕ್ರೂ ಹಾಕಿ ತೆಗೆದ ತಂತಿಗಳ ಶ್ರುತಿ ತುಸು ಇಳಿದಿರುತ್ತದೆ.

ಮಂದ್ರಸ್ಥಾಯಿ:
ಬೆಣೆ ಕೆಲಸ ಮಾಡಿತು, ಎರಡು ಸ್ವರದ ಕಾಟ ತಪ್ಪಿತು. ಕೆಳಗಿನ ಹಲಗೆ ತೆಗೆದು ಹಾಕಿದ ಸ್ಕ್ರೂಗಳು ಒಂದೂ ಕದಲಿಲ್ಲ. ಧಾಟಿಯನ್ನು ಮೇಲಿನ ಸ್ಥಾಯಿಗೆ ಒಯ್ದಿದ್ದೇನೆ. ಎರಡನೆಯ ಬಾರಿನಲ್ಲೇ ಒಳಗಿನಿಂದ ಯಾರೋ ಗುನುಗತೊಡಗಿದರು! ಒಂದು ಮಾತ್ರ ಉಳಿದಿದೆ: ಮೊಬೈಲಿನಲ್ಲಿ ಮುದ್ರಿಸಿದರೆ ಪ್ರತಿ ಲೋಹದ ಏಟಿನ ಹಿಂದೆ ಉಳಿದದ್ದೆಲ್ಲ ಕುಗ್ಗಿ ಮತ್ತೆ ಏರುತ್ತದೆ.

ತಾಳಮೇಳ:
ಮೊಬೈಲ್ ತಾನಾಗಿ ಧ್ವನಿಮಟ್ಟ ಹೊಂದಿಸುತ್ತಿದೆ. ಅದನ್ನು ಆಫ್ ಮಾಡಲು ಬಿಡುವ ಮುದ್ರಣ ಆ್ಯಪ್ ಬಳಸಿ. ಅತಿ ಜೋರಿನ ಏಟು ಆ್ಯಪಿನ ಧ್ವನಿಮಟ್ಟದ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವಂತೆ ಇಟ್ಟುಕೊಂಡು, ಫೋನನ್ನು ತೆರೆದ ಹಲಗೆಯಿಂದ ಒಂದು ಮೀಟರ್ ದೂರ ಇಡಿ. ಪಿಯಾನೊ ಮೇಲೆ ಇಡಬೇಡಿ, ಪೆಡಲ್ ಸದ್ದು ಮರದ ಮೂಲಕ ನೇರ ಬರುತ್ತದೆ.