4ಜಿಎಲ್ ಒಳಗೆ ಸಿ ಕೋಡ್ ಸಾಯ್ತಿದೆ, ಎಲ್ಲಿಂದ ಹುಡುಕೋದು?

ಪ್ರಶ್ನೆ, ಬೆಂಗಳೂರಿನಿಂದ

ನಮಸ್ಕಾರ. ನಮ್ಮ ಗಿರಾಕಿಯೊಬ್ಬರು ಬಿಡಿಭಾಗಗಳ ದಾಸ್ತಾನು ಲೆಕ್ಕವನ್ನು ಇನ್ನೂ ಇನ್‌ಫಾರ್ಮಿಕ್ಸ್ 4ಜಿಎಲ್ (ಡೇಟಾಬೇಸ್ ಕೆಲಸಕ್ಕೆ ಮಾಡಿದ ಹಳೆಯ ಪ್ರೋಗ್ರಾಮಿಂಗ್ ಭಾಷೆ) ಅಪ್ಲಿಕೇಶನ್‌ನಲ್ಲೇ ಇಟ್ಟಿದ್ದಾರೆ. ನಾನು ಹುಟ್ಟುವುದಕ್ಕೂ ಮುಂಚಿನದ್ದು. ಅದಕ್ಕೆ ಸುಮಾರು ನಲವತ್ತು ಸಿ ಫಂಕ್ಷನ್‌ಗಳನ್ನು ಲಿಂಕ್ ಮಾಡಿದ್ದಾರೆ, ಬರೆದವರು ಒಬ್ಬರೂ ಈಗ ಕೈಗೆ ಸಿಗುವುದಿಲ್ಲ. ಎಚ್‌ಪಿ ಕಂಪನಿಯ ಯೂನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನಿಂದ 64 ಬಿಟ್ ಲಿನಕ್ಸ್‌ಗೆ ತಂದ ಮೇಲೆ ದಿನಕ್ಕೆ ಒಂದೆರಡು ಸಲ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಸಾಯುವುದು). ತಿಂಗಳ ಕೊನೆಯ ವರದಿ ತೆಗೆದರೆ ಗ್ಯಾರಂಟಿ. ಕೆಲವೊಮ್ಮೆ ಸಾಯುವುದಿಲ್ಲ, ಲಾಟ್ ಸಂಖ್ಯೆ ಇರಬೇಕಾದ ಕಡೆ 538976288 ಅಂತ ಏನೋ ಬರುತ್ತೆ. ಒಳಗಿನ ಮೌಲ್ಯ ನೋಡೋಣ ಅಂತ ಪ್ರಿಂಟ್‌ಎಫ್ ಹಾಕಿದರೆ ಪರದೆಯೆಲ್ಲ ಕಲಸುಮೇಲೋಗರ. ಒಂದೆರಡು ಕಡೆ ಪ್ರಿಂಟ್‌ಎಫ್ ಹಾಕಿದ ತಕ್ಷಣ ಕ್ರ್ಯಾಶೇ ಮಾಯ! ಇಂಥದ್ದನ್ನು ಬಿಡಿಸಿದವರು ದಾರಿ ಹೇಳಿ. ಎಲ್ಲವನ್ನೂ ಜಾವಾದಲ್ಲಿ ಮತ್ತೆ ಬರೆಯಿರಿ ಎಂಬ ಸಲಹೆಯನ್ನು ಈಗಾಗಲೇ ನಾಲ್ಕು ಜನ ಕೊಟ್ಟಾಗಿದೆ.

ಉತ್ತರ, ಮೈಸೂರಿನಿಂದ

ನಾನು ಈ 4ಜಿಎಲ್ ಜೊತೆ ಹದಿನೈದು ವರ್ಷ ಸಂಸಾರ ಮಾಡಿದವನು. 1986ರಲ್ಲಿ ಬಂದದ್ದು, ಹೋಗು ಅಂದರೂ ಹೋಗುವುದಿಲ್ಲ. ಮೊದಲು ಒಂದು ಮಾತು: ಆ ನಲವತ್ತು ಫಂಕ್ಷನ್‌ಗಳ ಒಳಗಿನ ಲೆಕ್ಕಾಚಾರವನ್ನು ಓದುತ್ತಾ ಕೂರಬೇಡಿ. ಅಷ್ಟು ವರ್ಷ ಓಡಿದ ಲೆಕ್ಕಾಚಾರ ಬಹುಪಾಲು ಸರಿಯೇ ಇರುತ್ತೆ. ನನ್ನ ಕೈಗೆ ಸಿಕ್ಕ ತಪ್ಪುಗಳಲ್ಲಿ ಹೆಚ್ಚಿನವು ಇದ್ದದ್ದು ಹೊಸ್ತಿಲಲ್ಲಿ, ಅಂದರೆ 4ಜಿಎಲ್ ಕೈಯಿಂದ ಸಿ ಕೈಗೆ ಮೌಲ್ಯ ದಾಟುವ ಜಾಗದಲ್ಲಿ.

ದಾಟುವುದು ಒಂದು ಸ್ಟ್ಯಾಕ್ ಮೂಲಕ, ಅಂದರೆ ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸುವ ರಾಶಿ. 4ಜಿಎಲ್ ಕಡೆಯವರು ಎರಡು ಮೌಲ್ಯ ಕೊಟ್ಟು ಕರೆದರೆ ಸಿ ಒಳಗೆ ಪಾಪ್‌ಇಂಟ್ (ಪೂರ್ಣಾಂಕಕ್ಕೆ), ಪಾಪ್‌ಕೋಟ್ (ಅಕ್ಷರಗಳ ಸ್ಟ್ರಿಂಗ್‌ಗೆ) ಇತ್ಯಾದಿಗಳಿಂದ ಅವನ್ನು ಎತ್ತಿಕೊಳ್ಳಬೇಕು. ಅದೂ ಹಿಂದಿನಿಂದ ಮುಂದಕ್ಕೆ: ಕೊನೆಗೆ ಕೊಟ್ಟದ್ದು ಮೊದಲು ಕೈಗೆ ಬರುತ್ತೆ. ವಾಪಸ್ ಕೊಡುವಾಗ ರೆಟ್‌ಇಂಟ್, ರೆಟ್‌ಕೋಟ್‌ನಿಂದ ಸ್ಟ್ಯಾಕ್ ಮೇಲೆ ಇಟ್ಟು, ಎಷ್ಟು ಇಟ್ಟಿದ್ದೀರೋ ಆ ಎಣಿಕೆಯನ್ನು ಸಿ ಫಂಕ್ಷನ್‌ನ ರಿಟರ್ನ್ ಮೌಲ್ಯವಾಗಿ ಕೊಡಬೇಕು. ಕರೆದವರು ಒಂದು ಮೌಲ್ಯ ನಿರೀಕ್ಷಿಸಿ ನೀವು ಸೊನ್ನೆ ಅಂದರೆ -1320 ಎಂಬ ಎರರ್ ಬರುತ್ತೆ. ಕೊಟ್ಟ ಮೌಲ್ಯಗಳ ಎಣಿಕೆಯೇ ತಪ್ಪಿದ್ದರೆ -1318. ಇವೆರಡು ಬಂದರೆ ಪುಣ್ಯ, ಬಾಯಿಬಿಟ್ಟು ಹೇಳಿದಂತಾಯಿತು. ಎರಡು ಇಟ್ಟು ಒಂದು ಇಟ್ಟೆ ಅಂತ ಸುಳ್ಳು ಹೇಳುವ ಫಂಕ್ಷನ್ ಇರುತ್ತಲ್ಲ, ಅದು ಅಪಾಯ. ಉಳಿದ ಮೌಲ್ಯ ಸ್ಟ್ಯಾಕ್ ಮೇಲೇ ಕೂತಿರುತ್ತೆ, ಸಂಬಂಧವೇ ಇಲ್ಲದ ಇನ್ನೊಬ್ಬರ ಮೇಲೆ ಆಮೇಲೆ ಬೀಳುತ್ತೆ. ಪ್ರತಿ ಫಂಕ್ಷನ್‌ನ ಪ್ರತಿಯೊಂದು ರಿಟರ್ನ್ ಸಾಲನ್ನೂ ಬೆರಳಿಟ್ಟು ಎಣಿಸಿ. ತಪ್ಪು ಬಂದಾಗ ಬೇಗ ಹೊರಬೀಳುವ ರಿಟರ್ನ್‌ಗಳಲ್ಲೇ ಇದು ಅಡಗಿರುವುದು.

ನಿಮ್ಮದು ಪಿ-ಕೋಡ್ ರೀತಿಯದಾಗಿದ್ದರೆ (4ಜಿಎಲ್ ಕೋಡ್ ನೇರ ಓಡದೆ, ರನ್ನರ್ ಎಂಬ ಇನ್ನೊಂದು ಪ್ರೋಗ್ರಾಮ್ ಅದನ್ನು ಓಡಿಸುವ ರೀತಿ), ಸಿಎಫ್‌ಜಿಎಲ್‌ಗೋ ಎಂಬ ಕಮಾಂಡ್ ಬಳಸಿ ನಿಮ್ಮದೇ ರನ್ನರ್ ಕಟ್ಟಿರುತ್ತಾರೆ. ಅದಕ್ಕೆ ಒಂದು ಸಣ್ಣ ಸಿ ಫೈಲ್‌ನಲ್ಲಿ ಪಟ್ಟಿ ಇರುತ್ತೆ: ಫಂಕ್ಷನ್ ಹೆಸರು, ಅದರ ವಿಳಾಸ, ಎಷ್ಟು ಆರ್ಗ್ಯುಮೆಂಟ್. ಆ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಎಣಿಸಿ.

ಇನ್ನು ಜಿಡಿಬಿ, ಅಂದರೆ ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗರ್. ಇನ್‌ಫಾರ್ಮಿಕ್ಸ್‌ಸಿ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಕಂಪೈಲರ್ ಹೆಸರಿನ ಜೊತೆ ಡೀಬಗ್ ಆಯ್ಕೆ ಸೇರಿಸಿ ಎಲ್ಲವನ್ನೂ ಮತ್ತೆ ಕಟ್ಟಿ, ಆಪ್ಟಿಮೈಸೇಶನ್ ತೆಗೆಯಿರಿ. ಅಪ್ಲಿಕೇಶನ್ ಓಡುವ ಟರ್ಮಿನಲ್‌ನಲ್ಲೇ ಜಿಡಿಬಿ ತೆರೆಯಬೇಡಿ, ಇಬ್ಬರೂ ಒಂದೇ ಪರದೆಗೆ ಕಿತ್ತಾಡುತ್ತಾರೆ. ಎರಡನೇ ಟರ್ಮಿನಲ್‌ನಿಂದ ಪ್ರಾಸೆಸ್ ಸಂಖ್ಯೆ ಹಿಡಿದು ಅಂಟಿಕೊಳ್ಳಿ. ಉಬುಂಟು ಆಗಿದ್ದರೆ ಪರ್ಮಿಷನ್ ಇಲ್ಲ ಅನ್ನುತ್ತೆ. ಇನ್ನೊಂದು ಪ್ರಾಸೆಸ್‌ಗೆ ಅಂಟಿಕೊಳ್ಳುವ ಪಿಟ್ರೇಸ್‌ಗೆ ಕಟ್ಟಿರುವ ಆ ಬೇಲಿ ಅಲ್ಲಿ ಮಾಮೂಲಿ, ರೂಟ್ ಆಗಿ ಮಾಡಬೇಕು. ಪ್ರಿಂಟ್‌ಎಫ್ ಬೇಕೇ ಬೇಕು ಅಂದರೆ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ಅದನ್ನು ಫೈಲ್‌ಗೆ ತಿರುಗಿಸಿ ಅಪ್ಲಿಕೇಶನ್ ಶುರು ಮಾಡಿ. ಪರದೆ ಹಾಳಾಗಲ್ಲ.

ಒಂದು ಎಚ್ಚರಿಕೆ. ನಾನು ಒಮ್ಮೆ ಲೈವ್ ಮಶೀನ್‌ನಲ್ಲೇ ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಊಟಕ್ಕೆ ಹೋದೆ. ಟ್ರಾನ್ಸಾಕ್ಷನ್ ತೆರೆದೇ ಇತ್ತು, ಸಾಲುಗಳೆಲ್ಲ ಲಾಕ್. ಬಂದು ನೋಡಿದರೆ ಗೋದಾಮಿನಲ್ಲಿ ಒಂದು ಲಾರಿಯೂ ಹೊರಟಿಲ್ಲ. ಆ ಮಧ್ಯಾಹ್ನ ನಾನು ತಿಂದ ಬೈಗುಳಕ್ಕೆ ಹೋಲಿಸಿದರೆ ಊಟ ಏನೇನೂ ಅಲ್ಲ.

ಕೊನೆಯದಾಗಿ, ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಸುಳ್ಳು ಸ್ಟ್ಯಾಕ್. ಪಾಪ್‌ಇಂಟ್, ಪಾಪ್‌ಕೋಟ್, ರೆಟ್‌ಇಂಟ್ ಇವನ್ನು ನೀವೇ ಹತ್ತು ಹತ್ತು ಸಾಲಿನಲ್ಲಿ ಬರೆಯಿರಿ. ಒಂದು ಅರೇಯಿಂದ ಮೌಲ್ಯ ಎತ್ತಿ ಕೊಟ್ಟರೆ ಸಾಕು. ಆಗ ಡೇಟಾಬೇಸೂ ಬೇಡ, ಪರದೆಯೂ ಬೇಡ, ಸಿ ಫಂಕ್ಷನ್ ಒಂದನ್ನೇ ಅಡ್ರೆಸ್ ಸ್ಯಾನಿಟೈಜರ್ ಹಾಕಿಯೋ ವಾಲ್‌ಗ್ರಿಂಡ್ ಕೆಳಗೋ (ಎರಡೂ ಮೆಮೊರಿ ತಪ್ಪು ಹಿಡಿಯುವ ಸಾಧನಗಳು) ಸಾವಿರ ಸಲ ಓಡಿಸಬಹುದು. ಇಡೀ ಅಪ್ಲಿಕೇಶನ್ನನ್ನು ವಾಲ್‌ಗ್ರಿಂಡ್‌ಗೆ ಕೊಟ್ಟರೆ ಲೈಬ್ರರಿಯ ದೂರುಗಳ ಮಧ್ಯೆ ನಿಮ್ಮ ದೂರು ಕಾಣುವುದೇ ಇಲ್ಲ.

ಉತ್ತರ, ಮಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಮಾರಾಯ್ರೆ, 32ರಿಂದ 64 ಬಿಟ್‌ಗೆ ಬಂದದ್ದನ್ನು ಅಷ್ಟು ಹಗುರ ಮಾಡಬೇಡಿ. ನಮ್ಮಲ್ಲಿ ಜಾಗ ಕೇಳಿದಾಗ ಮ್ಯಾಲಕ್‌ನಿಂದ ಮೆಮೊರಿ ಪಡೆದು ಅದರ ಪಾಯಿಂಟರ್, ಅಂದರೆ ವಿಳಾಸ, ಕೊಡುವ ಒಂದು ಸ್ವಂತ ಫಂಕ್ಷನ್ ಇತ್ತು. ಕರೆಯುವ ಫೈಲ್‌ಗಳಲ್ಲಿ ಅದರ ಘೋಷಣೆಯೇ ಇರಲಿಲ್ಲ. ಘೋಷಣೆ ಇಲ್ಲದ ಫಂಕ್ಷನ್ ಇಂಟ್ ಕೊಡುತ್ತೆ ಅಂತ ಹಳೆಯ ಸಿ ಭಾವಿಸಿಕೊಳ್ಳುತ್ತೆ. 32 ಬಿಟ್‌ನಲ್ಲಿ ಇಂಟ್‌ಗೂ ಪಾಯಿಂಟರಿಗೂ ಒಂದೇ ಅಳತೆ, ಯಾರಿಗೂ ಗೊತ್ತಾಗಲಿಲ್ಲ. 64ರಲ್ಲಿ ಎಂಟು ಬೈಟಿನ ವಿಳಾಸದ ತಲೆ ನಾಲ್ಕು ಬೈಟು ಹಾರಿಹೋಗುತ್ತೆ.

ಮಜಾ ಏನಂದರೆ, ಪ್ರತಿ ಸಲ ಸಾಯುತ್ತಿರಲಿಲ್ಲ. ಹಳೆಯ ಕ್ರಮದಲ್ಲಿ ಲಿಂಕ್ ಆದ ಪ್ರೋಗ್ರಾಮ್‌ನಲ್ಲಿ ಸಣ್ಣ ಪುಟ್ಟ ಜಾಗವೆಲ್ಲ ಕೆಳಗಿನ ವಿಳಾಸಗಳಲ್ಲೇ ಸಿಗುತ್ತೆ, ತಲೆಯಲ್ಲಿ ಸೊನ್ನೆಯೇ ಇರುವುದರಿಂದ ಕತ್ತರಿಸಿದರೂ ನಷ್ಟ ಇಲ್ಲ. ಕೇಳಿದ್ದು 128 ಕೆಬಿ ದಾಟಿದರೆ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಸಾಮಾನ್ಯವಾಗಿ ಎಮ್‌ಮ್ಯಾಪ್ ಎಂಬ ಕರೆಯಿಂದ ಎಲ್ಲೋ ಮೇಲಿನ ವಿಳಾಸದಲ್ಲಿ ಜಾಗ ತರುತ್ತೆ. ಅಲ್ಲಿ ಕತ್ತರಿಸಿದರೆ ಕಥೆ ಮುಗಿಯಿತು. ಹಾಗಾಗಿ ದೊಡ್ಡ ವರದಿ ತೆಗೆದಾಗ ಮಾತ್ರ ಕ್ರ್ಯಾಶ್! ನೇರ ಮ್ಯಾಲಕ್ ಕರೆದಿದ್ದರೆ ಜಿಸಿಸಿ ಕಂಪೈಲರಿಗೆ ಅದು ಮೊದಲೇ ಪರಿಚಯ, ತಾನೇ ಸರಿಮಾಡಿಕೊಳ್ಳುತ್ತಿತ್ತು. ನಿಮ್ಮ ಸ್ವಂತ ಫಂಕ್ಷನ್ ಅದಕ್ಕೆ ಯಾರೋ ಏನೋ. 2024ರ ಜಿಸಿಸಿ 14ರಿಂದ ಘೋಷಣೆ ಇಲ್ಲದಿದ್ದರೆ ಎರರ್, ಮುಂದೆ ಹೋಗುವುದೇ ಇಲ್ಲ. ಅದಕ್ಕಿಂತ ಹಳೆಯದಾದರೆ ಆ ಎಚ್ಚರಿಕೆಯನ್ನು ಎರರ್ ಮಾಡುವ ಆಯ್ಕೆ ನೀವೇ ಹಾಕಿ.

ಇನ್ನೆರಡು ನೋಡಿ. ಎಚ್‌ಪಿ-ಯುಎಕ್ಸ್‌ನಲ್ಲಿ ಬೇರೆ ಹೇಳದಿದ್ದರೆ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಸೊನ್ನೆ ವಿಳಾಸ) ಓದಿದರೂ ಪ್ರೋಗ್ರಾಮ್ ಸಾಯುವುದಿಲ್ಲ, ಸೊನ್ನೆ ಸಿಕ್ಕಿ ಮುಂದೆ ಹೋಗುತ್ತೆ. ಲಿನಕ್ಸ್ ಅಷ್ಟು ಧಾರಾಳಿ ಅಲ್ಲ. ಮತ್ತೆ, ಕೋಡ್‌ನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದ ಸ್ಟ್ರಿಂಗ್‌ಗಳ ಮೇಲೆ ಬರೆಯುವ ಅಭ್ಯಾಸ ಆ ಕಾಲದ ಕೋಡಿಗೆ ಇತ್ತು. ಜಿಸಿಸಿ ಬಳಸುವವರು ಸ್ಟ್ರಿಂಗ್‌ಗಳನ್ನು ಬರೆಯಬಲ್ಲವಾಗಿಸುವ ಆಯ್ಕೆ ಹಾಕಿ ಅಂತ ಇನ್‌ಫಾರ್ಮಿಕ್ಸ್ ಕೈಪಿಡಿಯೇ ಹೇಳುತ್ತಿತ್ತು. ಜಿಸಿಸಿ 4.0ರಲ್ಲಿ, 2005ರಲ್ಲೇ, ಆ ಆಯ್ಕೆಯನ್ನು ಕಿತ್ತುಹಾಕಿದರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ಕೂತೆ. ಮಂಗಳೂರಿನ ಸರ್ ಹೇಳಿದ್ದು ಹಾಗ್ಹಾಗೇ ಇತ್ತು: ಮೂರು ಫೈಲ್‌ಗಳಲ್ಲಿ ಘೋಷಣೆ ಇರಲಿಲ್ಲ. ಹೆಡರ್ ಸೇರಿಸಿದ ಮೇಲೆ ದಿನದ ಕ್ರ್ಯಾಶ್ ನಿಂತಿದೆ. ಒಂದು ಫಂಕ್ಷನ್ ತಪ್ಪು ಎಣಿಕೆ ವಾಪಸ್ ಕೊಡುತ್ತಿತ್ತು, ಅದೂ ಸರಿಹೋಯಿತು. ತಿಂಗಳ ವರದಿ ಮಾತ್ರ ಜಗ್ಗುತ್ತಿಲ್ಲ. ಸುಳ್ಳು ಸ್ಟ್ಯಾಕ್ ಬರೆದು ಸ್ಯಾನಿಟೈಜರ್ ಹಾಕಿ ಓಡಿಸಿದೆ, ಒಂದೂ ದೂರಿಲ್ಲ. ವಾಲ್‌ಗ್ರಿಂಡ್ ಕೂಡ ಸುಮ್ಮನಿದೆ. ಲಾಟ್ ಸಂಖ್ಯೆ ಈಗಲೂ ಒಮ್ಮೊಮ್ಮೆ ಅದೇ 538976288.

ಉತ್ತರ, ಧಾರವಾಡದಿಂದ

ಅಲ್ರೀ, ಆ ಸಂಖ್ಯೆ ಬಗ್ಗೆ ಯಾರೂ ಮಾತಾಡಲಿಲ್ಲಲ್ಲ! ಅದನ್ನ ಹೆಕ್ಸ್‌ನಾಗ ಬರೀರಿ. 20 20 20 20. ಸ್ಪೇಸಿನ ಸಂಕೇತ ಹೆಕ್ಸ್ 20, ಅಂದ್ರ ನಾಲ್ಕು ಖಾಲಿ ಸ್ಪೇಸ್ ಯಾವುದೋ ಇಂಟ್ ಮೇಲೆ ಬಿದ್ದಾವ. ನಾಲ್ಕೂ ಬೈಟು ಒಂದೇ ಇರೋದಕ್ಕ ಎಚ್‌ಪಿ ಮಶೀನ್ ಇದ್ದರೂ ಇದ ಸಂಖ್ಯೆ, ಇಂಟೆಲ್ ಇದ್ದರೂ ಇದ ಸಂಖ್ಯೆ. ಇದನ್ನ ನಾ ಎಷ್ಟು ಸಲ ನೋಡೀನಿ ಅಂದ್ರ, ಫೋನ್ ನಂಬರ್ ಇದ್ಹಂಗ ಬಾಯಿಪಾಠ ಆಗೇದ.

ಸ್ಪೇಸ್ ಎಲ್ಲಿಂದ ಬರ್ತಾವ? ಪಾಪ್‌ಕೋಟ್‌ನಿಂದ. ನೀವು ಹೇಳಿದ ಉದ್ದ ಎಷ್ಟೋ ಅಷ್ಟನ್ನೂ ಅದು ತುಂಬತದ, ಕಡಿಮೆ ಬಿದ್ದರ ಸ್ಪೇಸ್ ಹಾಕಿ, ಕೊನೀಗೆ ನಲ್ (ಸ್ಟ್ರಿಂಗ್ ಮುಗೀತು ಅನ್ನೋ ಸೊನ್ನೆ ಬೈಟು). ಮೂರಕ್ಷರದ ಕೋಡ್ ಬಂದರೂ ಪೂರ್ತಿ ಉದ್ದ ಬರೀತದ. ಬಫರ್ (ಅಕ್ಷರ ಇಡೋ ಜಾಗ) ಸಣ್ಣದಿದ್ದು ಉದ್ದ ದೊಡ್ಡದು ಹೇಳಿದ್ರ, ಪಕ್ಕದ ಮನಿ ಮ್ಯಾಲೆ ಸ್ಪೇಸಿನ ಮಳೆ.

ಒಂದು ಮಾತು ಕೇಳ್ತೀನಿ, ಮಶೀನ್ ಬದಲಿಸೋವಾಗ ಯಾವುದರೆ ಕಾಲಮ್ ಅಗಲ ಮಾಡೀರೇನು? ಮತ್ತ ಆ ಕಾಲಮಿನ ಕೋಡ್ ಮತ್ತು ಲಾಟ್ ಸಂಖ್ಯೆ ಎರಡೂ ಒಂದೇ ಸ್ಟ್ರಕ್ಟ್‌ನಾಗ (ಹಲವು ವೇರಿಯಬಲ್ ಒಟ್ಟಿಗೆ ಇಡೋ ಕಟ್ಟು) ಅದಾವೇನು? ಹಂಗಿದ್ದರ ಸ್ಯಾನಿಟೈಜರ್ ಸುಮ್ಮನಿದ್ದಿದ್ದು ಸರಿ ಅದ. ಸ್ಟ್ರಕ್ಟ್‌ನ ಗಡಿ ದಾಟಿದ್ರ ಅದು ಹಿಡಿತದ. ಒಳಗ ಒಂದು ಸದಸ್ಯನಿಂದ ಇನ್ನೊಂದು ಸದಸ್ಯನ ಮ್ಯಾಲೆ ಹರಿದ್ರ ಅದಕ್ಕೂ ಕಾಣೂದಿಲ್ಲ, ವಾಲ್‌ಗ್ರಿಂಡಿಗೂ ಕಾಣೂದಿಲ್ಲ. ಜಿಡಿಬಿಯೊಳಗ ಆ ಲಾಟ್ ವೇರಿಯಬಲ್ ಮ್ಯಾಲೆ ವಾಚ್ ಹಾಕ್ರಿ. ಯಾರು ಬರೀತಾರೋ ಅವರ ಮ್ಯಾಲೇ ಬಂದು ನಿಲ್ಲತದ.

ಪ್ರಶ್ನೆ ಕೇಳಿದವರು

ಸರ್, ನಾಚಿಕೆ ಆಗ್ತಿದೆ. ಹೌದು, ಭಾಗದ ಕೋಡ್ 20 ಅಕ್ಷರದಿಂದ 30ಕ್ಕೆ ಅಗಲ ಮಾಡಿದ್ದೆವು. ಮಶೀನ್ ಬದಲಾವಣೆಯ ಜೊತೆಗೇ ಒಂದೇ ವಾರಾಂತ್ಯದಲ್ಲಿ ಮುಗಿಸಿದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ. ಪಾಪ್‌ಕೋಟ್‌ಗೆ ಹೇಳುವ ಉದ್ದವನ್ನು 31 ಮಾಡಿದ್ದಾರೆ, ಸ್ಟ್ರಕ್ಟ್‌ನಲ್ಲಿ ಬಫರ್ ಇನ್ನೂ 21. ಇಂಟ್ ಕೂರುವುದು 24ನೇ ಬೈಟಿನಿಂದ. ವಾಚ್ ಹಾಕಿದೆ, ಪಾಪ್‌ಕೋಟ್ ಒಳಗೇ ನಿಂತಿತು.

ಒಮ್ಮೊಮ್ಮೆ ಮಾತ್ರ ಯಾಕೆ ಅನ್ನುವುದೂ ತಿಳಿಯಿತು. ಅದೇ ಸ್ಟ್ರಕ್ಟ್ ಬಳಸುವ ಫಂಕ್ಷನ್ ಎರಡು. ಒಂದರಲ್ಲಿ ಆರ್ಗ್ಯುಮೆಂಟ್ ಲಾಟ್ ಮೊದಲು, ಕೋಡ್ ಆಮೇಲೆ. ಮೈಸೂರಿನವರು ಹೇಳಿದಂತೆ ಹಿಂದಿನಿಂದ ಎತ್ತುವುದರಿಂದ ಮೊದಲು ಕೋಡ್ ಬಂದು ಸ್ಪೇಸ್ ಸುರಿಯುತ್ತೆ, ಆಮೇಲೆ ಲಾಟ್ ಬಂದು ಅದರ ಮೇಲೆ ಕೂರುತ್ತೆ, ಎಲ್ಲ ಸರಿ ಕಾಣುತ್ತೆ. ತಿಂಗಳ ವರದಿ ಕರೆಯುವ ಇನ್ನೊಂದರಲ್ಲಿ ಕ್ರಮ ತಿರುಗಮುರುಗ. ಆ ಲಾಟ್ ಸಂಖ್ಯೆಯನ್ನು ಒಂದು ಕಡೆ ಹಾಗೇ ಅಚ್ಚು ಹಾಕುತ್ತಾರೆ, ಇನ್ನೊಂದು ಕಡೆ ಅರೇಗೆ ಇಂಡೆಕ್ಸ್ ಮಾಡುತ್ತಾರೆ. ಐವತ್ಮೂರು ಕೋಟಿಯ ಇಂಡೆಕ್ಸ್!

ಉತ್ತರ, ಶಿವಮೊಗ್ಗದಿಂದ

ನಿವೃತ್ತನಾಗಿದ್ದೇನೆ, ಆದರೂ ಇಂಥದ್ದು ಓದಿದರೆ ಕೈ ತುರಿಸುತ್ತೆ. ಬಫರ್ ಸಿಕ್ಕಿತಲ್ಲ ಅಂತ ಫೈಲ್ ಮುಚ್ಚಬೇಡಿ. ಡೆಸಿಮಲ್ ಮೊತ್ತವನ್ನು ಅಕ್ಷರಕ್ಕೆ ತಿರುಗಿಸುವ ಡೆಕ್‌ಟುಆಸ್ಕ್ ಇದ್ದರೆ ಅದನ್ನೂ ನೋಡಿ. ಅದು ಕೊಡುವ ಸ್ಟ್ರಿಂಗ್‌ನ ಕೊನೆಗೆ ನಲ್ ಇರುವುದಿಲ್ಲ, ನೀವೇ ಹಾಕಬೇಕು. ಹಾಕದೆಯೂ ಎಷ್ಟೋ ವರ್ಷ ಓಡಿದ್ದನ್ನು ನೋಡಿದ್ದೇನೆ, ಬಫರ್‌ನಲ್ಲಿ ಸೊನ್ನೆ ಇದ್ದ ಪುಣ್ಯದಿಂದ.

ನಮ್ಮ ಕಾಲದ ಒಂದು ಕಥೆ. ಇದು ಸ್ಕೋ ಯೂನಿಕ್ಸ್ ಮಶೀನ್, ಸೀರಿಯಲ್ ಟರ್ಮಿನಲ್‌ಗಳು. ಒಬ್ಬ ಹುಡುಗ ಪ್ರಾಡಕ್ಟ್ ಕೋಡ್‌ಗೆ ಚಿಕ್ಕದಾಗಿರಲಿ ಅಂತ ಪಿಸಿ ಎಂದು ಎರಡು ದೊಡ್ಡಕ್ಷರದ ಗ್ಲೋಬಲ್ ಇಂಟ್ ಇಟ್ಟ. ಅದಾದ ಮೇಲೆ ಕೆಲವು ಟರ್ಮಿನಲ್‌ಗಳಲ್ಲಿ ಪರದೆ ತಿರುಗಿಸಿದಾಗಲೆಲ್ಲ ಒಂದೇ ಅಕ್ಷರ ಸಾಲುಸಾಲಾಗಿ ಬೀಳುವುದು. ಪ್ರಾಡಕ್ಟ್ ಬದಲಾದರೆ ಅಕ್ಷರವೂ ಬದಲು! ಟರ್ಮಿನಲ್ ಪರದೆ ನಡೆಸುವ ಟರ್ಮ್‌ಕ್ಯಾಪ್ ಲೈಬ್ರರಿಯಲ್ಲೂ ಅದೇ ಹೆಸರಿನ ಗ್ಲೋಬಲ್ ಇದೆ. ನಿಧಾನದ ಟರ್ಮಿನಲ್‌ಗೆ ಉಸಿರಾಡಲು ಸಮಯ ಕೊಡಲಿಕ್ಕೆ ಕಳಿಸುವ ಪ್ಯಾಡ್ ಅಕ್ಷರ ಅದು. ಲಿಂಕರ್ ಎರಡನ್ನೂ ಒಂದೇ ಅಂದುಕೊಂಡು ಗಂಟು ಹಾಕಿತ್ತು, ಒಂದು ಮಾತೂ ಹೇಳದೆ. ಜಿಸಿಸಿ 10ರಿಂದ, ಅಂದರೆ 2020ರಿಂದ, ನಿಮ್ಮದೇ ಫೈಲ್‌ಗಳ ನಡುವೆ ಹೀಗಾದರೆ ಲಿಂಕ್ ಹಂತದಲ್ಲೇ ಜಗಳ ತೆಗೆಯುತ್ತೆ. ಹಳೆಯದಿದ್ದರೆ ನಿಮ್ಮ ಆಬ್ಜೆಕ್ಟ್ ಫೈಲ್‌ಗಳಿಗೂ ಲೈಬ್ರರಿಗಳಿಗೂ ಹೆಸರುಗಳ ಪಟ್ಟಿ ಕೊಡುವ ಎನ್‌ಎಮ್ ಓಡಿಸಿ, ಎರಡೂ ಪಟ್ಟಿಯಲ್ಲಿರುವ ಹೆಸರುಗಳನ್ನು ಹೊರತೆಗೆಯಿರಿ.

ಪ್ರಶ್ನೆ ಕೇಳಿದವರು

ಓಡಿಸಿದೆ ಸರ್. ಹೆಸರಿನ ಗಂಟು ಯಾವುದೂ ಇಲ್ಲ. ಪಾಪ್‌ಕೋಟ್‌ಗಳನ್ನು ಗ್ರೆಪ್ ಮಾಡಿ ಹುಡುಕಿದರೆ 63 ಕಡೆ. ಪ್ರತಿಯೊಂದರಲ್ಲೂ ಬರೆದ ಸಂಖ್ಯೆ ತೆಗೆದು, ಬಫರ್‌ನ ಅಳತೆಯನ್ನು ತಾನೇ ಹೇಳುವ ಸೈಜ್‌ಆಫ್ ಹಾಕ್ತಿದ್ದೇನೆ. ಪಾಯಿಂಟರ್ ಆಗಿ ಬಂದ ಬಫರ್‌ಗೆ ಸೈಜ್‌ಆಫ್ ಹಾಕಿದರೆ ಎಂಟು ಅನ್ನುತ್ತೆ, ಹಾಗಾಗಿ ಅಂಥ ಒಂಬತ್ತನ್ನು ಕೈಯಲ್ಲೇ ನೋಡಬೇಕು. ಇಲ್ಲಿಯವರೆಗೆ ಬಫರ್ ಚಿಕ್ಕದಾಗಿದ್ದು ಇನ್ನೂ ಎರಡು ಸಿಕ್ಕಿವೆ. ಎರಡರಲ್ಲೂ ಪಕ್ಕದಲ್ಲಿರುವುದು ಯಾರೂ ಬಳಸದ ಒಂದು ಹಳೆಯ ಫ್ಲ್ಯಾಗ್.