ಗ್ರೂಪ್ ಪಾಲಿಸಿಯಿಂದ ಗರ್ಭನಿರೋಧಕ ತೆಗೆಸಬೇಕಂತೆ: ತೆಗೆಯಲಿಕ್ಕೆ ಒಳಗೆ ಎಂತದಾದರೂ ಉಂಟಾ?

ಬೆಂದೂರ್‌ವೆಲ್ ಲೆಕ್ಕಪತ್ರ ಕೇಳಿದ್ದು:

ಮಂಗಳೂರಿನ ಒಂದು ಕ್ರೈಸ್ತ ಟ್ರಸ್ಟಿನ ಶಾಲೆ, ಹಾಸ್ಟೆಲ್‌ಗಳ 180 ಸಿಬ್ಬಂದಿಯ ಗ್ರೂಪ್ ಆರೋಗ್ಯ ವಿಮೆ ನವೀಕರಣಕ್ಕೆ ಬಂದಿದೆ. ಈ ಸಲ ಹೆರಿಗೆ ಕವರ್ ಸಹ ಸೇರಿಸುವ ಯೋಚನೆ. ಆಡಳಿತ ಮಂಡಳಿಯಲ್ಲಿ ಒಂದು ವಾದ: ನಮ್ಮ ಪ್ರೀಮಿಯಂ ದುಡ್ಡು ಗರ್ಭನಿರೋಧಕಕ್ಕೆ ಹೋಗಬಾರದು, ಅಮೆರಿಕದಲ್ಲಿ ಹಾಬಿ ಲಾಬಿ ಕಂಪೆನಿಗೆ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಎದುರು ವಾದ: ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ಧರ್ಮದವರು, ಅವರ ಮೇಲೆ ನಮ್ಮ ಬೋಧನೆ ಹೇರುವುದು ಸರಿಯಲ್ಲ. ಬ್ರೋಕರ್‌ಗೆ ಪತ್ರ ಬರೆಯುವ ಮೊದಲು ತಿಳಿಯಬೇಕಾದ್ದು ಇಷ್ಟು. ನಮ್ಮ ದೇಶದ ಪಾಲಿಸಿಯಲ್ಲಿ ಗರ್ಭನಿರೋಧಕ ಇದೆಯಾ? ಅಮೆರಿಕದ ತೀರ್ಪು ಇಲ್ಲಿಗೆ ಎಷ್ಟು ಹೊಂದುತ್ತದೆ? ಯಾವ ವಾಕ್ಯ ಹಾಕಿಸಿದರೆ ಸಿಬ್ಬಂದಿಗೆ ಪೆಟ್ಟು ಬೀಳುತ್ತದೆ?

ಪಾಲಿಸಿಯ ಹಿಂಬದಿ ಪುಟ ಉತ್ತರ:

ಹಲಸು ಇಲ್ಲದೆ ಕೈಗೆ ಎಣ್ಣೆ ಹಚ್ಚಿಕೊಂಡ ಹಾಗಾಯಿತು ಮಾರಾಯ್ರೆ. ಹೊರಗಿಡುವ ಬಾಬ್ತುಗಳ ಒಕ್ಕಣೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಎಲ್ಲ ಕಂಪೆನಿಗಳಿಗೂ ಒಂದೇ ಮಾಡಿದೆ. ಅದರಲ್ಲಿ ಎಕ್ಸ್‌ಕ್ಲೂಷನ್ 17 ನೋಡಿ. ಯಾವುದೇ ಬಗೆಯ ಗರ್ಭನಿರೋಧಕ, ಸಂತಾನಹರಣ ಶಸ್ತ್ರಚಿಕಿತ್ಸೆ, ಅದನ್ನು ತಿರುಗಿ ಸರಿಮಾಡುವುದು, ಐವಿಎಫ್, ಬಾಡಿಗೆ ತಾಯ್ತನ, ಎಲ್ಲವೂ ಒಂದೇ ಬುಟ್ಟಿಯಲ್ಲಿ ಹೊರಗೆ. ಕಂಪೆನಿ ಒಪ್ಪಿ ಬೇರೆಯಾಗಿ ಸೇರಿಸಿಕೊಟ್ಟಿದ್ದರೆ ಮಾತ್ರ ಅದು ಒಳಗೆ. ಇಲ್ಲಿ ಧರ್ಮದ ಮಾತೇ ಇಲ್ಲ, ಯಾವ ಧರ್ಮದವರಿಗೂ ಈ ಕವರ್ ಇಲ್ಲ.

ನಿಮ್ಮ ಮಂಡಳಿ ನೋಡಬೇಕಾದ್ದು ಹೆರಿಗೆ ಕವರಿನ ವ್ಯಾಖ್ಯೆಯನ್ನು. ಎಕ್ಸ್‌ಕ್ಲೂಷನ್ 18 ಹೆರಿಗೆಯನ್ನೂ, ಅಪಘಾತದಿಂದಲ್ಲದ ಗರ್ಭಸ್ರಾವವನ್ನೂ, ಕಾನೂನುಬದ್ಧ ಗರ್ಭಪಾತವನ್ನೂ ಹೊರಗಿಡುತ್ತದೆ. ಗರ್ಭನಾಳದಲ್ಲಿ ನಿಂತ ಗರ್ಭಕ್ಕೆ ಮಾತ್ರ ವಿನಾಯಿತಿ. ಹೆರಿಗೆ ಕವರ್ ಕೊಂಡ ಕೂಡಲೇ ಈ ಬಾಗಿಲು ತೆರೆಯುತ್ತದೆ, ಏಕೆಂದರೆ ‘ಹೆರಿಗೆ ವೆಚ್ಚ’ದ ಪ್ರಮಾಣಿತ ವ್ಯಾಖ್ಯೆಯ ಎರಡನೇ ಭಾಗವೇ ಪಾಲಿಸಿ ಅವಧಿಯ ಕಾನೂನುಬದ್ಧ ಗರ್ಭಪಾತ. ಗರ್ಭನಿರೋಧಕಕ್ಕಾಗಿ ಜಗಳಾಡುವ ಟ್ರಸ್ಟ್, ತಾನು ಹೆಚ್ಚು ಆಕ್ಷೇಪಿಸುವ ಬಾಬ್ತನ್ನು ಗೊತ್ತಿಲ್ಲದೆ ಕೊಂಡುಕೊಳ್ಳಬಹುದು.

ಅದನ್ನು ತೆಗೆಸುವ ಭರದಲ್ಲಿ ‘ಅಬಾರ್ಷನ್ ಸಂಬಂಧಿತ ಎಲ್ಲ ವೆಚ್ಚ ಇಲ್ಲ’ ಎಂದು ಮಾತ್ರ ಬರೆಸಬೇಡಿ. ವೈದ್ಯಕೀಯ ಭಾಷೆಯಲ್ಲಿ ತಾನಾಗಿ ಆದ ಗರ್ಭಸ್ರಾವಕ್ಕೂ ಅಬಾರ್ಷನ್ ಅನ್ನುತ್ತಾರೆ: ಮಿಸ್ಡ್ ಅಬಾರ್ಷನ್, ಇನ್‌ಕಂಪ್ಲೀಟ್ ಅಬಾರ್ಷನ್. ಮಗು ಬೇಕೆಂದು ಕಾದವಳಿಗೆ ಮೂರನೇ ತಿಂಗಳಲ್ಲಿ ರಕ್ತಸ್ರಾವವಾಗಿ ರಾತ್ರೋರಾತ್ರಿ ಗರ್ಭಕೋಶ ಶುದ್ಧಿ ಮಾಡಿಸಬೇಕಾಗಿ ಬಂದರೆ, ಡಿಸ್ಚಾರ್ಜ್ ಸಮ್ಮರಿಯ ಆ ಒಂದು ಶಬ್ದ ನೋಡಿ ಕ್ಲೇಮ್ ತಿರಸ್ಕಾರ.

ಮಲ್ಪೆ ಗಾಳಿ ಉತ್ತರ:

ಹಾಬಿ ಲಾಬಿ ಹೆಸರು ಹೇಳುವವರು ಆ ಕಥೆಯ ಮೊದಲರ್ಧ ಬಿಡುತ್ತಾರೆ. ಅಲ್ಲಿ 2010ರ ಆರೋಗ್ಯ ಕಾನೂನಿನ ಅಡಿಯಲ್ಲಿ ಉದ್ಯೋಗದಾತ ಕೊಡುವ ವಿಮೆಯಲ್ಲಿ ಗರ್ಭನಿರೋಧಕ ಕಡ್ಡಾಯವಾಯಿತು, ಅದೂ ಉದ್ಯೋಗಿ ಕೈಯಿಂದ ಒಂದು ಡಾಲರ್ ಸಹ ಕೊಡದ ಹಾಗೆ. ಚರ್ಚುಗಳಿಗೆ ಪೂರ್ತಿ ವಿನಾಯಿತಿ. ಧಾರ್ಮಿಕ ಆಸ್ಪತ್ರೆ, ಕಾಲೇಜುಗಳಿಗೆ ನಡುದಾರಿ: ಸಂಸ್ಥೆ ಆಕ್ಷೇಪ ಬರೆದುಕೊಟ್ಟರೆ ವಿಮಾ ಕಂಪೆನಿಯೇ ತನ್ನ ಕಿಸೆಯಿಂದ ಕೊಡಬೇಕು.

ಹಾಬಿ ಲಾಬಿ ಲಾಭಕ್ಕೆ ನಡೆಯುವ ಕುಟುಂಬ ಕಂಪೆನಿ, ಕರಕುಶಲ ಸಾಮಾನಿನ ಅಂಗಡಿಗಳ ಸರಣಿ. ಮಾಲೀಕರು ಕೆಥೋಲಿಕರಲ್ಲ. 20 ವಿಧಾನಗಳಲ್ಲಿ ಅವರ ತಕರಾರು 4ಕ್ಕೆ ಮಾತ್ರ: ಎರಡು ತುರ್ತು ಮಾತ್ರೆ, ಎರಡು ಬಗೆಯ ವಂಕಿ (ಗರ್ಭಕೋಶದೊಳಗೆ ಇಡುವ ಸಾಧನ). ಫಲಿತ ಅಂಡ ಗರ್ಭಕೋಶಕ್ಕೆ ಅಂಟದಂತೆ ಇವು ತಡೆಯಬಹುದು ಎಂಬುದು ಕಾರಣ. ಉಳಿದ 16ಕ್ಕೆ ಅವರದೇ ಯೋಜನೆ ದುಡ್ಡು ಕೊಡುತ್ತಿತ್ತು! ಕಾನೂನು ಮೀರಿದರೆ ಒಬ್ಬೊಬ್ಬರಿಗೆ ದಿನಕ್ಕೆ 100 ಡಾಲರ್ ದಂಡ, ವರ್ಷಕ್ಕೆ ಸುಮಾರು 47.5 ಕೋಟಿ ಡಾಲರ್. 2014ರ ಜೂನ್ 30ರಂದು 5-4ರಲ್ಲಿ ಕಂಪೆನಿ ಗೆದ್ದಿತು. ಗೆದ್ದದ್ದು 1993ರ ಧಾರ್ಮಿಕ ಸ್ವಾತಂತ್ರ್ಯ ಮರುಸ್ಥಾಪನೆ ಕಾನೂನಿನ ಮೇಲೆ, ಮತ್ತು ಬಹುಮತದ ತರ್ಕವೇ ‘ಮೇಲಿನ ನಡುದಾರಿ ಇದೆಯಲ್ಲ, ಅದನ್ನೇ ಇವರಿಗೂ ಕೊಡಿ’ ಎಂಬುದು. ಹೆಂಗಸರಿಗೆ ಸಿಗುವುದು ತಪ್ಪಬಾರದು ಎಂಬ ಲೆಕ್ಕ ಆ ತೀರ್ಪಿನೊಳಗೇ ಇತ್ತು. ಸನ್ಯಾಸಿನಿಯರ ‘ಲಿಟಲ್ ಸಿಸ್ಟರ್ಸ್’ ಮೊಕದ್ದಮೆ ಬಂದದ್ದು ಆಮೇಲೆ: ಆ ಆಕ್ಷೇಪ ಪತ್ರಕ್ಕೆ ಸಹಿ ಹಾಕುವುದೇ ಪಾಪದಲ್ಲಿ ಪಾಲು ಎಂಬ ವಾದ. 2020ರ ಜುಲೈಯಲ್ಲಿ 7-2ರಲ್ಲಿ ವಿನಾಯಿತಿ ವಿಸ್ತರಿಸಿದ ಸರ್ಕಾರಿ ನಿಯಮ ಉಳಿಯಿತು.

ಕಡ್ಡಾಯ ಇದ್ದಲ್ಲಿ ಮಾತ್ರ ವಿನಾಯಿತಿ ಕೇಳಬಹುದು. ನಮ್ಮಲ್ಲಿ ಕಡ್ಡಾಯವೇ ಇಲ್ಲ. ಅಂದ ಹಾಗೆ ಆ ತುರ್ತು ಮಾತ್ರೆ ಅಂಡೋತ್ಪತ್ತಿಯನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ, ಅಂಟುವುದನ್ನಲ್ಲ ಎಂದು ಅಮೆರಿಕದ ಎಫ್‌ಡಿಎ 2022ರ ಡಿಸೆಂಬರಿನಲ್ಲಿ ಪ್ಲಾನ್ ಬಿ ಮಾತ್ರೆಯ ಮಾಹಿತಿಯನ್ನೇ ತಿದ್ದಿತು. ತೀರ್ಪು ಬಂದು ಎಂಟು ವರ್ಷವಾದ ಮೇಲೆ.

ಕ್ಲೇಮ್ ಡೆಸ್ಕ್ ಉಡುಪಿ ಉತ್ತರ:

ಒಂದು ಕಡೆ ಮಾತ್ರ ಎಕ್ಸ್‌ಕ್ಲೂಷನ್ 17 ಅನ್ಯಾಯವಾಗಿ ಬಡಿಯುತ್ತದೆ: ವಿಪರೀತ ಮುಟ್ಟಿನ ಸ್ರಾವಕ್ಕೆ ಹಾಕುವ ಹಾರ್ಮೋನ್ ವಂಕಿ, ಅಂದರೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಮಿರೇನಾ ತರಹದ್ದು. ಗರ್ಭಕೋಶ ತೆಗೆಸುವುದನ್ನು ತಪ್ಪಿಸಲಿಕ್ಕೆ ಹಾಕಿದರೂ ಟಿಪಿಎ, ಅಂದರೆ ವಿಮಾ ಕಂಪೆನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯ ಕಣ್ಣಿಗೆ ಅದು ಗರ್ಭನಿರೋಧಕ. ಬರೀ ಒಪಿಡಿಯಲ್ಲಿ ಹಾಕಿಸಿದರೆ 24 ಗಂಟೆ ದಾಖಲಾತಿ ಇಲ್ಲ ಎಂದು ಮೊದಲೇ ಹೋಗುತ್ತದೆ. ಹಿಸ್ಟರೋಸ್ಕೋಪಿ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು) ಜೊತೆಗೆ ಡೇ ಕೇರ್‌ನಲ್ಲಿ ಹಾಕಿದ್ದರೆ ವಾದಕ್ಕೆ ಜಾಗ ಉಂಟು, ಆದರೂ ವಂಕಿಯ ಬೆಲೆಯನ್ನು ಮಾತ್ರ ಕತ್ತರಿಸಿ ಉಳಿದದ್ದು ಕೊಡುವುದು ಮಾಮೂಲು.

ಫೈಲಿನಲ್ಲಿ ಇರಬೇಕಾದ್ದು: ಹಿಮೋಗ್ಲೋಬಿನ್, ಗರ್ಭಕೋಶದ ಒಳಪದರದ ದಪ್ಪ ಬರೆದ ಸ್ಕ್ಯಾನ್, ಬಯಾಪ್ಸಿ ಆಗಿದ್ದರೆ ಅದರ ವರದಿ, ಮೊದಲು ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು ಸ್ರಾವ ನಿಲ್ಲದ್ದರ ಚೀಟಿ. ರೋಗನಿರ್ಣಯದ ಕೋಡ್ ಎನ್92 ಗುಂಪಿನದ್ದು. ಬಿಲ್ಲಿಂಗ್‌ನವರು ರೂಢಿಯಲ್ಲಿ ಝಡ್30 ಒತ್ತಿದರೆ ಮುಗಿಯಿತು, ಅದು ಗರ್ಭನಿರೋಧಕ ಸೇವೆಯ ಕೋಡ್. ಸ್ರಾವ ಇಲ್ಲದವರಿಗೆ ಸ್ರಾವ ಎಂದು ಬರೆಸುವುದು ವಂಚನೆ, ಪಾಲಿಸಿಯೇ ಹೋಗುತ್ತದೆ. ತಿರಸ್ಕಾರ ಬಂದರೆ ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ, 30 ದಿನದಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರೂ ಬೇಡ.

ಮಂಡಳಿಯ ಗಮನಕ್ಕೆ: ಪೋಪ್ ಆರನೇ ಪೌಲ್ 1968ರಲ್ಲಿ ಹೊರಡಿಸಿದ ಪರಿಪತ್ರದ 15ನೇ ವಿಭಾಗವೇ, ಗರ್ಭ ತಡೆಯುವ ಪರಿಣಾಮ ಜೊತೆಗೆ ಬಂದರೂ ಅದೇ ಉದ್ದೇಶವಲ್ಲದಿದ್ದರೆ, ರೋಗಕ್ಕೆ ಬೇಕಾದ ಚಿಕಿತ್ಸೆಯನ್ನು ತಪ್ಪೆನ್ನುವುದಿಲ್ಲ. ಈ ಕ್ಲೇಮಿಗೆ ಅಡ್ಡ ನಿಲ್ಲಲು ಧರ್ಮದ ಕಾರಣವೂ ಇಲ್ಲ.

ಅಜ್ಜರಕಾಡು ಸಂಜೆ ಉತ್ತರ:

ನಮ್ಮೂರಿನಲ್ಲಿ ಧಾರ್ಮಿಕ ಆಕ್ಷೇಪ ತಟ್ಟುವುದು ವಿಮೆಯ ಕಾಗದದಲ್ಲಿ ಅಲ್ಲ, ಆಪರೇಷನ್ ಥಿಯೇಟರಿನಲ್ಲಿ. ಎರಡನೇ ಸಿಸೇರಿಯನ್ ಜೊತೆಗೇ ‘ಆಪರೇಷನ್’, ಅಂದರೆ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆ ಟ್ಯುಬೆಕ್ಟಮಿ ಆಗುತ್ತದೆ ಅಂದುಕೊಂಡು ಹೋಗುತ್ತಾರೆ, ಧಾರ್ಮಿಕ ಸಂಸ್ಥೆಗಳ ಕೆಲವು ಆಸ್ಪತ್ರೆಗಳಲ್ಲಿ ಅದನ್ನು ಮಾಡುವುದೇ ಇಲ್ಲ. ಏಳನೇ ತಿಂಗಳೊಳಗೆ ನೇರವಾಗಿ ಕೇಳಿ: ಸಿಸೇರಿಯನ್ ಜೊತೆ ಟ್ಯುಬೆಕ್ಟಮಿ ಮಾಡುತ್ತೀರಾ, ಕಾಪರ್ ಟಿ ಹಾಕುತ್ತೀರಾ? ಹೆರಿಗೆಯ ನಂತರ ಟ್ಯುಬೆಕ್ಟಮಿಗೆ 7 ದಿನ, ಕಾಪರ್ ಟಿಗೆ 48 ಗಂಟೆ. ತಪ್ಪಿದರೆ ಎರಡಕ್ಕೂ ಆರು ವಾರ ಕಾಯಬೇಕು, ಟ್ಯುಬೆಕ್ಟಮಿಗಾದರೆ ಮತ್ತೆ ಅರಿವಳಿಕೆ, ಮತ್ತೆ ರಜೆ. ಗಂಡನ ಸಹಿ ಕಾನೂನಿಗೆ ಬೇಡ, ಕೌಂಟರಿನಲ್ಲಿ ಕೇಳಿದರೂ.

ಸರ್ಕಾರಿ ವ್ಯವಸ್ಥೆಯಲ್ಲಿ ಎಲ್ಲ ಉಚಿತ. ಮಂಗಳೂರಿನಲ್ಲಿ ಲೇಡಿಗೋಶನ್ ಆಸ್ಪತ್ರೆ, ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಾಪರ್ ಟಿ 380ಎ 10 ವರ್ಷಕ್ಕೆ, 375 ಐದು ವರ್ಷಕ್ಕೆ, ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಛಾಯಾ ಮಾತ್ರೆಯಲ್ಲಿ ತಪ್ಪು ಹೆಚ್ಚು: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಗಂಡಸರ ವ್ಯಾಸೆಕ್ಟಮಿ ಮೂರು ತಿಂಗಳ ತನಕ ನಂಬುವ ಹಾಗಿಲ್ಲ, ವೀರ್ಯ ಪರೀಕ್ಷೆ ಮಾಡಿಸಿಯೇ ಬಿಡಬೇಕು.

ಇನ್ನು ರಜೆ. ಇಎಸ್‌ಐ ಇರುವವರಿಗೆ ಟ್ಯುಬೆಕ್ಟಮಿಗೆ 14 ದಿನ, ವ್ಯಾಸೆಕ್ಟಮಿಗೆ 7 ದಿನ ಪೂರ್ತಿ ಸಂಬಳದ ಭತ್ಯೆ. ಇಎಸ್‌ಐ ಇಲ್ಲದ ಹೆಂಗಸರಿಗೆ ಕಾನೂನಿನ ಹೆರಿಗೆ ಸೌಲಭ್ಯದಲ್ಲಿ ಟ್ಯುಬೆಕ್ಟಮಿಗೆ ಎರಡು ವಾರ, ಗರ್ಭಸ್ರಾವ ಅಥವಾ ಕಾನೂನುಬದ್ಧ ಗರ್ಭಪಾತಕ್ಕೆ ಆರು ವಾರ ವೇತನ ಸಹಿತ ರಜೆ. ಇದಕ್ಕೆ ಆಡಳಿತ ಮಂಡಳಿಯ ಆಕ್ಷೇಪ ನಡೆಯುವುದಿಲ್ಲ.

ಬೆಂದೂರ್‌ವೆಲ್ ಲೆಕ್ಕಪತ್ರ:

ಹಾಗಾದರೆ ಗರ್ಭನಿರೋಧಕದ ಪತ್ರ ಬರೆಯುವುದಿಲ್ಲ. ಗರ್ಭಪಾತದ ಬಾಬ್ತು ತೆಗೆಯಲೇಬೇಕು ಎಂದು ಮಂಡಳಿ ಹಟ ಹಿಡಿದರೆ ಒಕ್ಕಣೆ ಹೇಗಿರಲಿ?

ಪಾಲಿಸಿಯ ಹಿಂಬದಿ ಪುಟ:

ನನ್ನ ಸಲಹೆ ಮುಟ್ಟದೆ ಬಿಡಿ ಎಂದೇ. ಹಟ ಇದ್ದರೆ ‘ಎಂಟಿಪಿ ಕಾನೂನಿನಡಿ ಸ್ವ ಇಚ್ಛೆಯ ಗರ್ಭಪಾತಕ್ಕೆ ಕವರ್ ಇಲ್ಲ’ ಎಂದಷ್ಟೇ ಬರೆಸಿ (ಎಂಟಿಪಿ ಅಂದರೆ ವೈದ್ಯಕೀಯ ಗರ್ಭಪಾತ). ಕೆಳಗಿನ ಸಾಲಿನಲ್ಲಿ ಬಿಡಿಸಿ ಸೇರಿಸಿ: ತಾನಾಗಿ ಆದ ಗರ್ಭಸ್ರಾವ, ಭ್ರೂಣದ ಬಡಿತ ನಿಂತಿರುವುದು, ಗರ್ಭನಾಳದ ಗರ್ಭ, ಮುತ್ತುಗರ್ಭ (ಮೋಲಾರ್ ಪ್ರೆಗ್ನೆನ್ಸಿ), ತಾಯಿಯ ಜೀವ ಉಳಿಸಲು ಮಾಡಿದ್ದು, ಇವಿಷ್ಟಕ್ಕೂ ಕವರ್ ಇದೆ. ಇನ್ನೊಂದು, ಟಿಪಿಎ ತಿಂಗಳಿಗೊಮ್ಮೆ ಕಳಿಸುವ ಕ್ಲೇಮ್ ಪಟ್ಟಿಯಲ್ಲಿ ಹೆಸರು, ಕಾಯಿಲೆ ಎರಡೂ ಇರುತ್ತವೆ. ನಮಗೆ ಒಟ್ಟು ಸಂಖ್ಯೆ, ಒಟ್ಟು ಮೊತ್ತ ಸಾಕು ಎಂದು ಬ್ರೋಕರ್‌ಗೆ ಬರವಣಿಗೆಯಲ್ಲಿ ಕೊಡಿ. 180 ಜನರ ಸಂಸ್ಥೆಯಲ್ಲಿ ವಿಭಾಗದ ಹೆಸರು, ವಯಸ್ಸು ಇದ್ದರೂ ಯಾರೆಂದು ಗೊತ್ತಾಗುತ್ತದೆ, ಆ ಕಾಲಮ್ ಸಹ ತೆಗೆಸಿ.