ಸುಮಾ, ಕುತ್ತಿಗೆ ಆಪರೇಷನ್ ಬೇಕಾ ಅಂತ ಕೇಳಿದ್ದಕ್ಕೆ

ಸುಮಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ ಮಗಾ. ರಾಜನ ನಾಲಿಗೆ ಬದಿಯ ಹುಣ್ಣು ಕ್ಯಾನ್ಸರೇ ಅಂತ ಬಯಾಪ್ಸಿಯಲ್ಲಿ ಬಂತು, ಸ್ಕ್ಯಾನಲ್ಲಿ ಕುತ್ತಿಗೆಯಲ್ಲಿ ಎಂತದೂ ಕಾಣ್ಲಿಲ್ಲ, ಆದ್ರೂ ಡಾಕ್ಟ್ರು ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ, ಅಂದ್ರೆ ಎಲ್ಲರಿಗೂ ಇರುವ ಸಣ್ಣ ಗಂಟುಗಳನ್ನೂ, ತೆಗೀಬೇಕು ಹೇಳ್ತಾರೆ, ಅದು ಬೇಕಾ, ಸ್ವಲ್ಪ ದಿನ ಬೇರೆ ಮದ್ದು ಮಾಡಿ ನೋಡುವನಾ ಅಂತ ಕೇಳಿದ್ದಿ. ಬೇಡ ಮಾರಾಯ್ತಿ, ಮುಂದೂಡ್ಬೇಡಿ.

ನನ್ನ ತಮ್ಮ ಬಾಲಣ್ಣನದ್ದು ನಿಮಗೆಲ್ಲ ಗೊತ್ತೇ ಉಂಟು, ನೀನು ಆಗ ಸಣ್ಣವಳು. ಯಾವಾಗ್ಲೂ ಎಲೆಯಡಿಕೆ ಒತ್ತಿ ಇಡ್ತಿದ್ದ ಕೆನ್ನೆಯ ಒಳಗೇ ಒಂದು ಹುಣ್ಣು. ನೋವಿಲ್ಲ ಅಂತಲೇ ಅವ ಬಿಟ್ಟದ್ದು. ಮಂಗಳೂರಿನಲ್ಲಿ ಡಾಕ್ಟ್ರು, ಸಣ್ಣದು ಉಂಟು, ಈಗಲೇ ತೆಗೆದುಬಿಡುವ ಅಂದ್ರು. ಊರಿನವರು ಬಿಡ್ಬೇಕಲ್ಲ, ಕತ್ತಿ ತಾಗಿದ್ರೆ ಹರಡ್ತದೆ ಅಂತ ಒಬ್ಬ, ಘಟ್ಟದ ಮೇಲೆ ಮದ್ದು ಕೊಡುವವ ಇದ್ದಾನೆ ಅಂತ ಇನ್ನೊಬ್ಬ. ಮಳೆಗಾಲ ಪೂರ್ತಿ ಕಷಾಯ ಕುಡಿದ. ಅಡಿಕೆ ಕೊಯ್ಲಿನ ಹೊತ್ತಿಗೆ ಬಾಯಿಗೆ ಗಂಜಿಯ ಚಮಚ ಹೋಗ್ತಿರ್ಲಿಲ್ಲ, ದವಡೆಯ ಕೆಳಗೆ ಗಂಟು. ಆಮೇಲೆ ಅರ್ಧ ದವಡೆ ತೆಗೆದು ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದ್ರು, ರೇಡಿಯೇಷನ್, ಕೀಮೋ ಎಲ್ಲ ಆಯ್ತು, ಮುಂದಿನ ಕೊಯ್ಲಿಗೆ ನನ್ನ ತಮ್ಮ ಇರ್ಲಿಲ್ಲ. ಆದ ಕಾರಣ ಹೇಳುದು, ಮುಂದೂಡ್ಬೇಡಿ, ಯಾರು ಎಂತ ಹೇಳಿದ್ರೂ ಮುಂದೂಡ್ಬೇಡಿ. ಕತ್ತಿ ತಾಗಿ ಹರಡುದಲ್ಲ ಅದು, ಬಿಟ್ಟದ್ದಕ್ಕೆ ಹರಡುದು.

ಕುತ್ತಿಗೆಯದ್ದು ಯಾಕೆ ಅಂದ್ರೆ, ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಆ ಗಂಟುಗಳಲ್ಲಿ ಅಡಗಿರ್ಬಹುದು. ಮುಂಬೈಯ ಟಾಟಾ ಆಸ್ಪತ್ರೆಯವರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಹೇಳಿದ್ದಾರೆ, ರಾಜನ ಹಾಗೆ ಶುರುವಿನ ಹಂತದಲ್ಲಿದ್ದವರನ್ನೇ ತೆಗೊಂಡು. ಬಾಯಿಯ ಜೊತೆಗೇ ಕುತ್ತಿಗೆಯದ್ದೂ ತೆಗೆದವರಲ್ಲಿ 3 ವರ್ಷ ಕಳೆದಾಗ 100ಕ್ಕೆ 80 ಜನ ಬದುಕಿದ್ರು, ಗಂಟು ಬಂದ್ರೆ ಆಗ ನೋಡುವ ಅಂತ ಕಾದವರಲ್ಲಿ 68ರ ಹತ್ತಿರ. ಸಣ್ಣ ವ್ಯತ್ಯಾಸವಾ ಅದು?

ಮತ್ತೆ ರಾಜ ಇನ್ನು ಎಲೆಯಡಿಕೆ ಮುಟ್ಲಿಕ್ಕಿಲ್ಲ. ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆ ಅಂತ ಹೇಳಿಯಾನು, ಬರೀ ಅಡಿಕೆಯೂ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲೇ ಹೇಳಿ ಆಗಿದೆ. ನಮ್ಮ ಅನ್ನ ಅದರಲ್ಲೇ ಹೌದು, ಆದ್ರೂ ಹೇಳ್ಬೇಕಾದ್ದು ಹೇಳ್ಬೇಕು.

ಬಾಲಣ್ಣನ ಸಹಾಯಧನದ ಅರ್ಜಿ ಇಡೀ ಮಲಯಾಳದಲ್ಲಿ, ಒಂದಕ್ಷರ ಕನ್ನಡ ಇಲ್ಲ. ಕೌಂಟರಿನವ ಓದಿ ಹೇಳ್ಲೂ ಇಲ್ಲ, ಗೊತ್ತಿದ್ದವರನ್ನು ಕರ್ಕೊಂಡು ಬನ್ನಿ ಅಂದ. 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದು ನಾವು ಕೇಳಿಯಾ? ರೋಗಿಯನ್ನು ಬೆಂಚಿನಲ್ಲಿ ಕೂರಿಸಿ ಪೆರ್ಲದ ಮಾಷ್ಟ್ರನ್ನು ಹುಡುಕ್ಲಿಕ್ಕೆ ಹೋಗ್ಬೇಕಾಯ್ತು, ಈಗ್ಲೂ ನೆನೆಸಿದ್ರೆ ಹೊಟ್ಟೆ ಉರೀತದೆ.

ಅಯ್ಯೋ, ಮುಖ್ಯದ್ದೇ ಹೇಳ್ಲಿಲ್ಲ. ಎರಡನೇ ಅಭಿಪ್ರಾಯ ಬೇಕಿದ್ರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗಿ, ಆದ್ರೆ ಇಲ್ಲಿ ಆಪರೇಷನ್ ಡೇಟ್ ಬಿಡ್ಬೇಡಿ. ರಿಪೋರ್ಟ್ ಮಾತ್ರ ಸಾಲದು, ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡು, ಬ್ಲಾಕು (ಹುಣ್ಣಿನಿಂದ ತೆಗೆದ ತುಂಡನ್ನು ಪರೀಕ್ಷೆಗೆ ಇಟ್ಟದ್ದು) ಕೇಳಿ ತಕ್ಕೊಳ್ಳಿ, ಸ್ಕ್ಯಾನಿನ ಸಿಡಿಯೂ. ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕಾಗ್ತದಾ, ಬೇಕಾದ್ರೆ 6 ವಾರದೊಳಗೆ ಶುರು ಮಾಡ್ತಾರಾ ಅಂತ ಕೇಳು, ರೇಡಿಯೇಷನಿಗೆ ಮೊದಲು ಹಲ್ಲು ತೋರಿಸ್ಲಿಕ್ಕುಂಟು. ಕುತ್ತಿಗೆ ಆಪರೇಷನ್ ಆದ ಮೇಲೆ ಹೆಗಲು ಎತ್ತುವ ವ್ಯಾಯಾಮ ಹೇಳಿ ಕೊಡ್ತಾರೆ, ಅದು ತಪ್ಪಿಸ್ಲಿಕ್ಕೆ ಬಿಡ್ಬೇಡ. ಮಲಯಾಳ ಓದ್ಲಿಕ್ಕೆ ನಮ್ಮ ಸಂತುವನ್ನು ಕರ್ಕೊಂಡು ಹೋಗು, ಅವನಿಗೆ ನಾನು ಹೇಳ್ತೇನೆ.